ರೆಸ್ಕ್ಯೂ ಸಂಸ್ಥೆಯಿಂದ ಬೆಕ್ಕು ದತ್ತು: ಇಷ್ಟೊಂದು ಷರತ್ತು ಯಾಕೆ, ತಯಾರಿ ಏನೇನು?

ಯುಟಿಲಿಟಿ_ಕಟ್ಟೆ
ಬೆಂಗಳೂರಿನಲ್ಲಿ ಬಾಡಿಗೆ ಮನೆ, ಮೂರನೇ ಮಹಡಿ, ಎರಡು ಬೆಡ್‌ರೂಮು, ಒಂದು ಬಾಲ್ಕನಿ, ಒಂದು ಯುಟಿಲಿಟಿ. ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಒಂದು ರೆಸ್ಕ್ಯೂ ಸಂಸ್ಥೆಗೆ ಬೆಕ್ಕು ಬೇಕೆಂದು ಬರೆದರೆ ನಾಲ್ಕು ಪುಟದ ಫಾರಂ ಬಂತು. ಜಾಲರಿ ಹಾಕಿಸಿದ ಫೋಟೊ ನೋಡಿದ ಮೇಲೆಯೇ ಮುಂದಿನ ಮಾತಂತೆ. ಮನೆ ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು, ಸಂತಾನಹರಣ ಆಪರೇಷನ್ ಮಾಡಿಸುತ್ತೇನೆಂದು ಸಹಿ ಹಾಕಬೇಕು, ಸಾಕಲಾಗದಿದ್ದರೆ ಬೇರೆ ಯಾರಿಗೂ ಕೊಡದೆ ಅವರಿಗೇ ವಾಪಸ್ ಕೊಡಬೇಕು. ಮೇಲಾಗಿ, 11 ವಾರದ ಗಂಡು ಮರಿಯನ್ನು ಒಂಟಿಯಾಗಿ ಕೊಡುವುದಿಲ್ಲ, ಜೋಡಿ ಒಯ್ಯಿರಿ, ಇಲ್ಲವೇ ಎರಡು ವರ್ಷದ ಹೆಣ್ಣು ಬೆಕ್ಕು ಇದೆ ನೋಡಿ ಅನ್ನುತ್ತಿದ್ದಾರೆ. ಇದರಲ್ಲಿ ನಿಜಕ್ಕೂ ಬೇಕಾದ್ದು ಯಾವುದು, ಬರೀ ಬಿಗುಮಾನ ಯಾವುದು?

ಮಹಡಿಮೆಟ್ಟಿಲು
ಬಿಗುಮಾನ ಅಲ್ಲ. ಆ ಫಾರಂನ ಒಂದೊಂದು ಸಾಲಿನ ಹಿಂದೆಯೂ ಸತ್ತ ಅಥವಾ ವಾಪಸ್ ಬಂದ ಬೆಕ್ಕಿರುತ್ತದೆ. ಜಾಲರಿಯಿಂದ ಶುರುಮಾಡೋಣ, ದುಡ್ಡು ಸುರಿದೂ ಜನ ಎಡವುವುದು ಅಲ್ಲೇ.

ಅಪಾರ್ಟ್‌ಮೆಂಟ್ ಬಾಲ್ಕನಿಗೆ ಹಾಕುವ ನೈಲಾನ್ ಬಲೆ ಪಾರಿವಾಳ ತಡೆಯಲಿಕ್ಕೆ ಮಾತ್ರ. ಬೆಕ್ಕು ಅದನ್ನು ಕಚ್ಚಿ ತುಂಡರಿಸುತ್ತದೆ. ಬಿಸಿಲಿಗೆ ನೂಲು ಲಡ್ಡಾಗಿ ಕೆಲವು ವರ್ಷದಲ್ಲಿ ಕೈಯಲ್ಲಿ ಎಳೆದರೂ ಹರಿಯುತ್ತದೆ. ಈಗ ಎಲ್ಲರೂ ಹಾಕಿಸುವ ಇನ್‌ವಿಸಿಬಲ್ ಗ್ರಿಲ್ ದೊಡ್ಡ ಬೆಕ್ಕಿಗೆ ಪರವಾಗಿಲ್ಲ, ಆದರೆ ತಂತಿಗಳ ನಡುವೆ ಎರಡು ಇಂಚು ಸಂದಿದ್ದರೆ ಮರಿ ನುಸುಳುತ್ತದೆ. ತಲೆ ತೂರಿತು ಅಂದರೆ ಮೈಯೂ ತೂರಿತು ಅಂತಲೇ ಲೆಕ್ಕ. ಸೊಳ್ಳೆ ಪರದೆಯ ಫೈಬರ್ ಜಾಲರಿ ಉಗುರಿಗೆ ಸಿಕ್ಕರೆ ಒಂದೇ ವಾರ. ನಿಲ್ಲುವುದು ಎರಡೇ: ಒಂದು ಇಂಚು ಚೌಕದ ಜಿಐ (ಸತು ಲೇಪಿಸಿದ ಕಬ್ಬಿಣದ) ವೆಲ್ಡ್ ಮೆಶ್, ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ.

ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯುವಂತಿಲ್ಲ ಅಂದರೆ ಇರುವ ಗ್ರಿಲ್ಲಿಗೇ ಒಳಗಡೆಯಿಂದ ಮೆಶ್ ಕಟ್ಟಿ. ಪ್ಲಾಸ್ಟಿಕ್ ಕೇಬಲ್ ಟೈ ಬಿಸಿಲಿಗೆ ಒಣಗಿ ಟಪ್ಪನೆ ಮುರಿಯುತ್ತದೆ, ಆದ್ದರಿಂದ ಬೈಂಡಿಂಗ್ ವೈರ್ ತನ್ನಿ, ಅಡಿಗೆ ಎರಡು ಕಟ್ಟು ಹಾಕಿ, ತಿರುಚಿದ ತುದಿಯನ್ನು ಹೊರಗಡೆಗೆ ಮಡಚಿ. ಕಟ್ಟಿ ಮುಗಿದ ಮೇಲೆ ಕೆಳಗಿನ ಅಂಚನ್ನು ಮುಷ್ಟಿಯಿಂದ ನೂಕಿ ನೋಡಿ. ಕೈ ಹೊರಗೆ ಹೋದರೆ ಬೆಕ್ಕೂ ಹೋಗುತ್ತದೆ. ಬಾಲ್ಕನಿಯಷ್ಟೇ ನೋಡಿ ಸುಮ್ಮನಾಗಬೇಡಿ. ಬಚ್ಚಲಿನ ಗಾಜಿನ ಪಟ್ಟಿಯ ಕಿಟಕಿ, ಎಕ್ಸಾಸ್ಟ್ ಫ್ಯಾನ್ ತೂತು, ವಾಷಿಂಗ್ ಮಷೀನಿನ ಪೈಪು ಹೊರಗೆ ಹೋಗುವ ಕಂಡಿ, ಇವು ಮನೆ ನೋಡಲು ಬರುವ ವಾಲಂಟಿಯರ್ ಮೊದಲು ನೋಡುವ ಜಾಗಗಳು.

ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತದೆ ಅನ್ನುವುದು ಅರ್ಧ ಸತ್ಯ. ಕಾಲ ಮೇಲೇ ಬಿದ್ದರೂ ಗಲ್ಲ ನೆಲಕ್ಕೆ ಬಡಿದು ದವಡೆ ಮುರಿಯುತ್ತದೆ, ಅಂಗುಳು ಸೀಳುತ್ತದೆ, ಶ್ವಾಸಕೋಶ ಜಜ್ಜುತ್ತದೆ. ಮೂರನೇ ಮಹಡಿ ಅದಕ್ಕೆ ಧಾರಾಳ ಸಾಕು.

ಮಾಲೀಕರ ಪತ್ರದ ವಿಷಯ. ಸಾಕುಪ್ರಾಣಿಗಳನ್ನು ಅಸೋಸಿಯೇಷನ್‌ಗಳು ಬಹುಮತದಿಂದಲೂ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೆ ನಿಮ್ಮ ಬಾಡಿಗೆ ಕರಾರು ನಿಮಗೂ ಮಾಲೀಕರಿಗೂ ನಡುವಿನದು. ಅದರಲ್ಲಿ ಪ್ರಾಣಿ ಬೇಡ ಅಂತಿದ್ದರೆ 11 ತಿಂಗಳಾದ ಮೇಲೆ ನೀವೂ ಬೆಕ್ಕೂ ಬೀದಿಗೆ. ವಾಟ್ಸಾಪಿನಲ್ಲಿ ಒಂದು ಸಾಲು ಬರೆಸಿಕೊಂಡರೂ ಸಾಕು ಅನ್ನುವ ಸಂಸ್ಥೆಗಳಿವೆ, ಕೇಳಿ ನೋಡಿ.

ಗಲ್ಲಿ_ಕಾಮ್ರೇಡ್
ಪ್ರತಿ ಚರಂಡಿ ಪಕ್ಕ ನಾಲ್ಕು ಮರಿ ಕೂಗುತ್ತಿರುವಾಗ ಹೆಣ್ಣು ನೋಡುವ ಶಾಸ್ತ್ರದ ಹಾಗೆ ಮನೆ ಪರೀಕ್ಷೆ ಯಾಕೆ ಸ್ವಾಮಿ? ಎತ್ತಿಕೊಂಡು ಬಂದು ಹಾಲು ಹಾಕಿದರೆ ಆಯಿತು. ಷರತ್ತು ಹೆಚ್ಚಾದಷ್ಟೂ ಜನ ಅಂಗಡಿಯಲ್ಲಿ ಪರ್ಷಿಯನ್ ಕೊಳ್ಳಲು ಹೋಗುತ್ತಾರೆ.

ಪಶುಸೇವೆ_ಧಾರವಾಡ
ಕೊನೀ ಮಾತು ಖರೆ ಐತ್ರಿ. ಫಾರಂ ತುಂಬಿಸಿ ಹದಿನೈದು ದಿನ ಉತ್ತರಾನ ಕೊಡಲಾರದ ಸಂಸ್ಥೆಗಳದಾವ. ಅದನ್ನ ಅವರು ಸುಧಾರಿಸಿಕೋಬೇಕು. ಬೀದಿ ಮರಿ ತರಬ್ಯಾಡ್ರಿ ಅಂತ ಯಾರೂ ಅನ್ನಂಗಿಲ್ಲ. ಆದ್ರ ತಂದ್ರ ಸಂಸ್ಥೆಯವರು ಮಾಡಿ ಕೊಡೋ ಕೆಲಸ ಎಲ್ಲಾ ನಿಮ್ಮ ತಲೀಮ್ಯಾಲೆ ಬರ್ತದ, ಅದನ್ನ ತಿಳಕೊಂಡು ತರ್ರಿ.

ಏನೇನು ಕೆಲಸ ಅಂದ್ರ, ಜಂತಿನ ಔಷಧ ಎರಡು ಮೂರು ವಾರದ ವಯಸ್ಸಿನಿಂದ ಶುರುವಾಗಿ ಎರಡು ವಾರಕ್ಕೊಮ್ಮೆ. ತ್ರಿವಳಿ ಲಸಿಕೆ, ಅಂದ್ರ ಪ್ಯಾನ್‌ಲ್ಯುಕೋಪೀನಿಯಾ (ವಾಂತಿ ಭೇದಿ ಹತ್ತಿ ಮರಿ ಕೊಲ್ಲೋ ರೋಗ), ಹರ್ಪಿಸ್, ಕ್ಯಾಲಿಸಿ (ಶೀನು ನೆಗಡಿ ತರೋ ವೈರಸ್) ಈ ಮೂರಕ್ಕ, 6ರಿಂದ 8 ವಾರದಾಗ ಮೊದಲನೇದು, ಆಮ್ಯಾಲೆ 16 ವಾರ ತುಂಬೋತನಕ ಮೂರು ನಾಲ್ಕು ವಾರಕ್ಕೊಂದು. ಒಂದ ಹಾಕಿಸಿ ಕೈಬಿಟ್ರ ಉಪಯೋಗಿಲ್ಲ, ಯಾಕಂದ್ರ ತಾಯಿ ಹಾಲಿನಿಂದ ಬಂದ ರಕ್ಷಣೆ ಲಸಿಕೆಯನ್ನ ಹೊಡದು ಹಾಕ್ತದ, ಅದು ಯಾವಾಗ ಇಳೀತದ ಅನ್ನೂದು ಮರಿಯಿಂದ ಮರಿಗೆ ಬ್ಯಾರೆ. ರೇಬೀಸ್ 12 ವಾರದ ಮ್ಯಾಲೆ. ನಿಮ್ಮ 11 ವಾರದ ಮರಿಗೆ "ಫುಲ್ ವ್ಯಾಕ್ಸಿನೇಟೆಡ್" ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ, ಆ ವಯಸ್ಸಿಗೆ ಅದು ಆಗೂದ ಇಲ್ಲ. ಪುಸ್ತಕ ತಗಿಸಿ ನೋಡ್ರಿ. ಬಾಟಲಿಯ ಸ್ಟಿಕರ್ ಅಂಟಿಸಿರಬೇಕು, ಬ್ಯಾಚ್ ನಂಬರ್ ಇರಬೇಕು, ಡಾಕ್ಟರ ಸಹಿ ಮತ್ತ ನೋಂದಣಿ ನಂಬರ್ ಇರಬೇಕು. ಬರೇ ಪೆನ್ನಿನಾಗ ತಾರೀಖು ಬರದಿದ್ರ ಅದು ಲಸಿಕೆ ಅಲ್ಲ, ಶಾಯಿ.

ರಕ್ತ ಪರೀಕ್ಷೆ ಬಗ್ಗೆ: ಎಫ್‌ಐವಿ, ಎಫ್‌ಇಎಲ್‌ವಿ ಅಂದ್ರ ಬೆಕ್ಕಿನ ರೋಗನಿರೋಧಕ ಶಕ್ತಿ ಕುಂದಿಸೋ ಎರಡು ವೈರಸ್, ಅವುಗಳ ಕಿಟ್ ಹತ್ತು ನಿಮಿಷದ ಕೆಲಸ. ಎಫ್‌ಐವಿ ಕಿಟ್ ಹುಡುಕೂದು ಪ್ರತಿಕಾಯ, ಅದು ತಾಯಿಯಿಂದನೂ ಬಂದಿರಬಹುದು. ಹಿಂಗಾಗಿ ಆರು ತಿಂಗಳ ಒಳಗಿನ ಮರಿ ಪಾಸಿಟಿವ್ ಬಂದ್ರ ಗಾಬರಿ ಆಗಬ್ಯಾಡ್ರಿ, ಆರು ತಿಂಗಳ ಮ್ಯಾಲೆ ಮತ್ತೊಮ್ಮೆ ಮಾಡಸ್ರಿ. ಎರಡು ವರ್ಷದ ಹೆಣ್ಣಿಗೆ ಬಂದ ಫಲಿತಾಂಶದ ಮ್ಯಾಲೆ ಹೆಚ್ಚು ಭರವಸೆ ಇಡಬಹುದು.

ಗಲ್ಲಿ ಅಣ್ಣಾರ, ಹಾಲಂತೂ ಹಾಕಬ್ಯಾಡ್ರಿ. ಬೆಳದ ಬೆಕ್ಕು ಹೆಚ್ಚಿನವಕ್ಕ ಹಾಲಿನಾಗಿನ ಸಕ್ಕರಿ, ಲ್ಯಾಕ್ಟೋಸ್, ಕರಗೂದಿಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡು ಓಡಿದ್ದು ಅದರ ಹೊಟ್ಟಿಗೆ ಒಳ್ಳೇದ ಆತು.

ಯುಟಿಲಿಟಿ_ಕಟ್ಟೆ
ಆಪರೇಷನ್ ಯಾವಾಗ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೆಣ್ಣಿಗೆ ಒಂದು ಸಲ ಮರಿ ಹಾಕಿಸಿ ಮಾಡಿಸಬೇಕು ಅಂತ ಪಕ್ಕದ ಮನೆಯವರು.

ಪಶುಸೇವೆ_ಧಾರವಾಡ
ಬ್ಯಾಡ್ರಿ. ಹೆಣ್ಣು ಬೆಕ್ಕು ನಾಲ್ಕನೇ ತಿಂಗಳಿಗೇ ಬೆದೆಗೆ ಬರಬಹುದು, ಗರ್ಭ ಎರಡು ತಿಂಗಳ ಮ್ಯಾಲೆ ನಾಲ್ಕಾರು ದಿನ, ಅಷ್ಟ. ಮೊದಲ ಬೆದೆಗೆ ಮುಂಚೆ ಮಾಡಿಸಿದ್ರ ಮೊಲೆಯ ಗಡ್ಡೆ ಬರೋ ಸಂಭವ ಭಾಳ ಕಡಿಮಿ ಆಗ್ತದ. ನಾಲ್ಕು ಐದು ತಿಂಗಳು, ಎರಡು ಕೇಜಿ ತೂಕ, ಇದು ಸರಿಯಾದ ಹೊತ್ತು. ಗಂಡಿಗೂ ಅದ. ತಡ ಮಾಡಿದ್ರ ಸೋಫಾಕ್ಕ, ಬಾಗಲಕ್ಕ ಉಚ್ಚೆ ಸಿಂಪಡಿಸೋ ಚಾಳಿ ಹತ್ತತದ, ಹತ್ತಿದ ಮ್ಯಾಲೆ ಆಪರೇಷನ್ ಮಾಡಿದ್ರೂ ಕೆಲವು ಬಿಡಂಗಿಲ್ಲ. ಮರಿಗೆ ಹಿಂದಿನ ರಾತ್ರಿಯಿಂದ ಉಪವಾಸ ಕೆಡವಬ್ಯಾಡ್ರಿ, ಸಕ್ಕರಿ ಅಂಶ ಇಳದು ಸಾಯ್ತಾವ. ಮರಿಗೆ ಎರಡರಿಂದ ನಾಲ್ಕು ತಾಸು ಸಾಕು. ಹೆಣ್ಣಿಗೆ ಹೊಲಿಗಿ ನೆಕ್ಕಲಾರದಂಗ ಹತ್ತು ದಿನ ಕೊರಳಿಗೆ ಕೋನ್ ಇರಬೇಕು.

ಆ ಎರಡು ವರ್ಷದ ಹೆಣ್ಣಿನ ಕಿವಿ ನೋಡ್ರಿ. ಒಂದು ಕಿವಿ ತುದಿ ನೇರಕ್ಕ ಕತ್ತರಿಸಿದಂಗ ಇದ್ರ ಅದು ಗಾಯ ಅಲ್ಲ, ಆಪರೇಷನ್ ಆಗೇದ ಅನ್ನೋ ಗುರುತು.

ಪುಚ್ಚೆ_ಬಜ್ಪೆ
ಊಟದ ವಿಷಯ ಯಾರೂ ಮುಟ್ಟಲಿಲ್ಲ. ಮಾಂಸ ಮಾಡದ ಮನೆ ಅಂತ ಬರೆದಿದ್ದೀರಿ, ಫಾರಂನಲ್ಲಿ ಅದನ್ನು ಮುಚ್ಚಿಡಬೇಡಿ ಮಾರಾಯ್ರೆ, ಅದಕ್ಕೆ ದಾರಿ ಉಂಟು.

ಹಾಲನ್ನ ಮೊಸರನ್ನದಲ್ಲೇ ಬದುಕಿದ ಬೆಕ್ಕು ನಮ್ಮ ಅಜ್ಜಿ ಮನೆಗಳಲ್ಲಿ ಬೇಕಾದಷ್ಟು ಇತ್ತಲ್ಲ ಅಂತ ಕೇಳುವವರು ಉಂಟು. ಅನ್ನ ಅಂಗಳದಲ್ಲಿ, ಊಟ ಅಟ್ಟದಲ್ಲಿ. ಇಲಿ, ಹಲ್ಲಿ, ಓತಿಕ್ಯಾತ ಹಿಡಿದು ತಿಂದು ಬಾಕಿ ಸರಿಮಾಡಿಕೊಳ್ಳುತ್ತಿದ್ದವು. ಮೂರನೇ ಮಹಡಿಯಲ್ಲಿ ಬಾಗಿಲು ಹಾಕಿದ ಬೆಕ್ಕಿಗೆ ಅದೆಲ್ಲಿ? ಟಾರಿನ್ ಎಂಬ ಅಂಶವನ್ನು ಬೆಕ್ಕಿನ ದೇಹ ಬೇಕಾದಷ್ಟು ತಯಾರಿಸಿಕೊಳ್ಳುವುದಿಲ್ಲ, ಅದು ಸಿಗುವುದು ಮಾಂಸದಲ್ಲಿ. ಕಡಿಮೆ ಆದರೆ ಕಣ್ಣಿನ ರೆಟಿನಾ ಹಾಳಾಗ್ತದೆ, ಹೃದಯದ ಸ್ನಾಯು ಸಡಿಲಾಗಿ ಹಿಗ್ಗುತ್ತದೆ. ಆ ಹೃದ್ರೋಗಕ್ಕೂ ಟಾರಿನ್ ಕೊರತೆಗೂ ಸಂಬಂಧ ಸಾಬೀತಾದದ್ದು 1987ರಲ್ಲಿ. ಅಲ್ಲಿಂದ ಒಳ್ಳೆಯ ಕಂಪನಿಗಳು ಆಹಾರದಲ್ಲಿ ಅದನ್ನು ಸೇರಿಸಿಯೇ ಮಾರುತ್ತಿವೆ. ಹಾಗಾಗಿ ಮನೆಯಲ್ಲಿ ಮಾಂಸ ಬೇಯಿಸಬೇಕಂತಿಲ್ಲ, ಆದರೆ ಬೆಕ್ಕಿನ ಬಟ್ಟಲಿಗೆ ಮಾಂಸದಿಂದ ಮಾಡಿದ ಒಣ ಆಹಾರ ಬೀಳಲೇಬೇಕು. ಯುಟಿಲಿಟಿಯಲ್ಲಿ ಒಂದು ಬಿಗಿ ಮುಚ್ಚಳದ ಡಬ್ಬಿ, ಬೇರೆ ಚಮಚ, ಬೇರೆ ಸ್ಪಂಜು. ಅದಕ್ಕೂ ಮನೆಯಲ್ಲಿ ಒಪ್ಪಿಗೆ ಇಲ್ಲ ಅಂತಾದರೆ ಬೆಕ್ಕು ಬೇಡ, ಮೊಲ ಸಾಕಿ.

ಪ್ಯಾಕೆಟಿನ ಮೇಲೆ 'ಕಂಪ್ಲೀಟ್' ಅಂತ ಇರುವುದನ್ನೇ ತೆಗೆದುಕೊಳ್ಳಿ. ನಾಲ್ಕು ಕೇಜಿ ತೂಗುವ ಬೆಕ್ಕಿಗೆ ದಿನಕ್ಕೆ ಸುಮಾರು 50ರಿಂದ 60 ಗ್ರಾಂ, ಎರಡು ಮೂರು ಸಲಕ್ಕೆ ಹಂಚಿ. ಮರಿಗಾದರೆ ದಿನಕ್ಕೆ ನಾಲ್ಕು ಸಲ. ಸಂಸ್ಥೆಯಲ್ಲಿ ಏನು ತಿನ್ನುತ್ತಿತ್ತು ಅಂತ ಕೇಳಿ ಅದನ್ನೇ ಕಾಲು ಕೇಜಿ ತನ್ನಿ. ಹೊಸ ಆಹಾರವನ್ನು ಕಾಲು ಭಾಗ, ಅರ್ಧ, ಮುಕ್ಕಾಲು ಅಂತ ಒಂದು ವಾರದಲ್ಲಿ ಬದಲಾಯಿಸಿ. ಒಮ್ಮೆಲೇ ಬದಲಾಯಿಸಿದರೆ ಭೇದಿ ಗ್ಯಾರಂಟಿ, ಆಮೇಲೆ ಅದು ರೋಗದ್ದಾ ಆಹಾರದ್ದಾ ಅಂತ ಗೊತ್ತಾಗುವುದಿಲ್ಲ.

ಮೀನು ತಿನ್ನುವ ಮನೆಯವರಿಗೂ ಒಂದು ಮಾತು. ದಿನಾ ಬೂತಾಯಿ ಮಾತ್ರ ಹಾಕಿದರೆ ಎಣ್ಣೆ ಜಾಸ್ತಿಯಾಗಿ ವಿಟಮಿನ್ ಇ ಕಡಿಮೆ ಬೀಳ್ತದೆ, ಮೈಯ ಕೊಬ್ಬೇ ಉರಿಯೂತ ಆಗಿ ಮುಟ್ಟಿದರೆ ಕಿರುಚುತ್ತವೆ. ಬರೀ ಎಲುಬಿಲ್ಲದ ಕೋಳಿ ಬೇಯಿಸಿ ಹಾಕಿದ ಮರಿಗಳಿಗೆ ಕ್ಯಾಲ್ಸಿಯಂ ಸಾಲದೆ ಸೋಫಾದಿಂದ ಹಾರಿದರೂ ಕಾಲು ಮುರಿಯುತ್ತದೆ. ಸಾರಿನ ಅನ್ನ ಬೇಡ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತದೆ.

ಮಹಡಿಮೆಟ್ಟಿಲು
ಜೋಡಿ ಮರಿಯ ಪ್ರಶ್ನೆಗೆ ಬರುತ್ತೇನೆ. ಎಷ್ಟು ಜೋರಾಗಿ ಕಚ್ಚಿದರೆ ನೋಯುತ್ತದೆ ಅನ್ನುವುದನ್ನು ಮರಿಗಳು ಕಲಿಯುವುದು ಒಡಹುಟ್ಟಿದವರ ಜೊತೆ ಕಾದಾಡಿ. ಒಂಟಿ ಮರಿಯನ್ನು ದಿನಕ್ಕೆ ಹತ್ತು ಗಂಟೆ ಬೀಗ ಹಾಕಿಟ್ಟರೆ ಆ ಕಸರತ್ತೆಲ್ಲ ರಾತ್ರಿ ಎರಡು ಗಂಟೆಗೆ ನಿಮ್ಮ ಕಾಲ್ಬೆರಳ ಮೇಲೆ. ಆಗ "ತುಂಬಾ ಕಚ್ಚುತ್ತೆ" ಅಂತ ವಾಪಸ್ ಕೊಡುತ್ತಾರೆ, ಮರಿಯ ತಪ್ಪೇನೂ ಇರುವುದಿಲ್ಲ.

ನಿಮ್ಮ ಮನೆಯ ಲೆಕ್ಕಕ್ಕೆ ಆ ಎರಡು ವರ್ಷದ ಹೆಣ್ಣೇ ಸರಿ ಅನ್ನುತ್ತೇನೆ. ಲಸಿಕೆ, ಆಪರೇಷನ್ ಮುಗಿದಿದೆಯೇ ಖಚಿತ ಮಾಡಿಕೊಳ್ಳಿ. ಸ್ವಭಾವ ಗೊತ್ತಾಗಿದೆ, ಹಗಲು ಮಲಗುತ್ತದೆ. ಮರಿ ಮುದ್ದಾಗಿ ಕಾಣುವುದು ನಾಲ್ಕು ತಿಂಗಳು, ಬೆಕ್ಕು ಬದುಕುವುದು ಹದಿನೈದು ವರ್ಷ. ಫಾಸ್ಟರ್ ಮನೆಯವರನ್ನು, ಅಂದರೆ ದತ್ತು ಹೋಗುವವರೆಗೆ ಬೆಕ್ಕನ್ನು ತಾತ್ಕಾಲಿಕವಾಗಿ ಸಾಕುವವರನ್ನು, ಕೇಳಬೇಕಾದ್ದು ಇಷ್ಟೇ: ಮಲಮೂತ್ರಕ್ಕೆ ಯಾವ ಮರಳು ಬಳಸುತ್ತದೆ, ಎತ್ತಿಕೊಂಡರೆ ಏನು ಮಾಡುತ್ತದೆ, ಬೇರೆ ಬೆಕ್ಕಿನ ಜೊತೆ ಹೇಗಿತ್ತು, ಇದುವರೆಗೆ ಯಾವ ಔಷಧ ಕುಡಿದಿದೆ.

ವಾಪಸ್ ಕೊಡುವ ಷರತ್ತನ್ನು ಯಾರೂ ಅವಮಾನ ಅಂದುಕೊಳ್ಳಬೇಡಿ. ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಅಪರಾಧವೇ. ಆದರೆ ಮೊದಲ ಸಲಕ್ಕೆ ಕಾಯ್ದೆ ಬರೆದಿರುವ ದಂಡ 10ರಿಂದ 50 ರೂಪಾಯಿ. ಆ ಬೆಲೆಗೆ ಒಂದು ಮಸಾಲೆ ದೋಸೆಯೂ ಬರುವುದಿಲ್ಲ. ಬೆಕ್ಕನ್ನು ಕಾಪಾಡುವುದು ಕಾಯ್ದೆಯಲ್ಲ, ಆ ಕರಾರು.

ಸಜ್ಜೆ_ಮೇಲೆ
ಮೊದಲ ಎರಡು ವಾರ ಇಡೀ ಮನೆ ತೋರಿಸಬೇಡಿ. ಒಂದೇ ಕೋಣೆ. ಮಂಚದ ಕೆಳಗಿನ ಸಂದಿ ಮುಚ್ಚಿ, ಬದಲಿಗೆ ಒಂದು ರಟ್ಟಿನ ಪೆಟ್ಟಿಗೆ ಅಡ್ಡ ಮಲಗಿಸಿಡಿ. ಅಡಗಲು ಜಾಗ ಬೇಕು, ಆದರೆ ನೀವು ಕೈಹಾಕಿ ತಲುಪುವ ಜಾಗ ಆಗಿರಬೇಕು. ಮಲಮೂತ್ರದ ಟ್ರೇ ಒಂದು ಮೂಲೆ, ಊಟ ನೀರು ಎದುರು ಮೂಲೆ. ಟ್ರೇಯಲ್ಲಿ ಎರಡು ಇಂಚು ಮರಳು, ಟ್ರೇ ಉದ್ದ ಬೆಕ್ಕಿನ ಉದ್ದದ ಒಂದೂವರೆ ಪಟ್ಟು. ಒಂದು ಬೆಕ್ಕಿಗೆ ಎರಡು ಟ್ರೇ, ಎರಡಕ್ಕೆ ಮೂರು. ಮರಿಯಾದರೆ ಒದ್ದೆಯಾದರೆ ಗಟ್ಟಿಯಾಗುವ ಬೆಂಟೊನೈಟ್ (ಜೇಡಿಮಣ್ಣಿನ) ಮರಳು ಬೇಡ, ತಿನ್ನುತ್ತವೆ, ಹೊಟ್ಟೆಯಲ್ಲಿ ಸಿಮೆಂಟಾಗುತ್ತದೆ. ಮರದ ಪೆಲೆಟ್ ಹಾಕಿ. ಬೆಂಟೊನೈಟನ್ನು ಕಮೋಡಿಗೂ ಸುರಿಯಬೇಡಿ, ಪ್ಲಂಬರ್ ಕರೆಸಬೇಕಾಗುತ್ತದೆ. ಟ್ರೇ ಮುಂದೆ ಯುಟಿಲಿಟಿಗೆ ಹೋಗುವುದಾದರೆ ಆ ಬಾಗಿಲಿಗೆ ಕಲ್ಲು ಕೊಡಿ. ಗಾಳಿಗೆ ಒಮ್ಮೆ ಮುಚ್ಚಿಕೊಂಡರೆ ಬೆಕ್ಕು ನಿಮ್ಮ ಹಾಸಿಗೆಯನ್ನೇ ಟ್ರೇ ಮಾಡುತ್ತದೆ.

ನೆಲ ಒರೆಸುವ ಫಿನಾಯಿಲ್ ನಿಲ್ಲಿಸಿ. ಅದರಲ್ಲಿರುವ ಫೀನಾಲನ್ನು ಬೆಕ್ಕಿನ ಯಕೃತ್ತು ಕಳೆಯಲಾರದು. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ಸಾಕು. ಡೆಟಾಲ್ ಕೂಡ ಹಾಗೇ. ಬೀರುವಿನ ನುಸಿಗುಳಿಗೆ ಎತ್ತಿಡಿ. ಕುಂಡಗಳಲ್ಲಿ ಲಿಲ್ಲಿ, ಸಾಗೋ ಪಾಮ್, ಕಣಗಿಲೆ ಇದ್ದರೆ ಯಾರಿಗಾದರೂ ಕೊಟ್ಟುಬಿಡಿ. ಜ್ವರ ಬಂದಿದೆ ಅಂತ ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ, ಅರ್ಧ ಮಾತ್ರೆ ಸಾಕು ಬೆಕ್ಕು ಸಾಯಲು. ನಾಯಿಯ ಉಣ್ಣಿ ಹುಳಕ್ಕೆ ಹಾಕುವ ಪರ್ಮೆತ್ರಿನ್ ಹನಿಯೂ ವಿಷವೇ.

ಇನ್ನು ದೇವರ ಮನೆ. ಹೂವು ಬಾಡಿದ ಮೇಲೆ ಮಾಲೆಯ ದಾರ ಕೆಳಗೆ ಬಿದ್ದಿರುತ್ತದೆ, ಹೂವಿನ ವಾಸನೆಗೆ ಬೆಕ್ಕು ನುಂಗುತ್ತದೆ. ನಾಲಿಗೆಯ ಬುಡಕ್ಕೆ ಒಂದು ತುದಿ ಸಿಕ್ಕಿಕೊಂಡರೆ ಉಳಿದ ದಾರ ಕರುಳನ್ನು ಲಂಗದ ಲಾಡಿಯ ಹಾಗೆ ಸುಕ್ಕಿಸಿ ಕೊಯ್ಯುತ್ತದೆ. ಬಾಯಲ್ಲೋ ಹಿಂದೆಯೋ ದಾರದ ತುದಿ ಕಂಡರೆ ಎಳೆಯಬೇಡಿ, ಹಾಗೆಯೇ ಆಸ್ಪತ್ರೆಗೆ ಒಯ್ಯಿರಿ.

ಯುಟಿಲಿಟಿ_ಕಟ್ಟೆ
ದತ್ತು ತಂದು ವಾರದೊಳಗೆ ಶೀನು ಶುರುವಾಯಿತು, ಕಾಯಿಲೆ ಬೆಕ್ಕು ಅಂಟಿಸಿದರು ಅಂತ ಕೆಲವರು ಬೈದುಕೊಳ್ಳುವುದನ್ನು ಓದಿದೆ.

ಪಶುಸೇವೆ_ಧಾರವಾಡ
ಅದು ಮೋಸ ಅಲ್ರಿ. ಹರ್ಪಿಸ್ ವೈರಸ್ ಒಮ್ಮೆ ಹೊಕ್ಕರ ಜೀವನಪೂರ್ತಿ ಒಳಗ ಮಲಗಿರ್ತದ. ಜಾಗಾ ಬದಲಾದ ಒತ್ತಡಕ್ಕ ಏಳ್ತದ, ಸುಮಾರು ಒಂದು ವಾರಕ್ಕ ಶೀನು, ಕಣ್ಣೀರು ಕಾಣಸ್ತಾವ. ಊಟ ಮಾಡಾಕತ್ತಿದ್ರ ಹೆಚ್ಚಿನವು ವಾರ ಎರಡು ವಾರದಾಗ ತಾವ ಇಳೀತಾವ. ಮೂಗು ಕಟ್ಟಿದ್ರ ವಾಸನಿ ಬರಂಗಿಲ್ಲ, ವಾಸನಿ ಇಲ್ಲಂದ್ರ ಬೆಕ್ಕು ತಿನ್ನಂಗಿಲ್ಲ, ಅದ ಅಪಾಯ. ಪ್ಯಾಕೆಟಿನ ಮೆತ್ತನ್ನ ಆಹಾರ (ವೆಟ್ ಫುಡ್) ಉಗುರುಬೆಚ್ಚಗ ಮಾಡಿ ಕೊಡ್ರಿ. ಬೆಳದ ಬೆಕ್ಕು 24 ತಾಸು ಏನೂ ತಿನ್ನಲಿಲ್ಲಂದ್ರ ಫೋನ್ ಮಾಡ್ರಿ, 48 ಆಗೂದು ಕಾಯಬ್ಯಾಡ್ರಿ, ಯಕೃತ್ತಿಗೆ ಕೊಬ್ಬು ಏರ್ತದ, ದಪ್ಪನ ಬೆಕ್ಕಿಗಂತೂ ಬ್ಯಾಗ ಏರ್ತದ. ಮರಿ ಆದ್ರ ಅರ್ಧ ದಿನಾನೂ ಹೆಚ್ಚು.

ಪ್ಯಾನ್‌ಲ್ಯುಕೋಪೀನಿಯಾ ಬ್ಯಾರೇನ. ವಾಂತಿ, ಸೊರಗಿ ಕೂಡೂದು, ನೀರಿನ ಬಟ್ಟಲದ ಮುಂದ ತಲೀ ಇಳಿಬಿಟ್ಟು ಕುಂತ್ರೂ ಕುಡೀಲಾರದ್ದು, ಇವು ಕಂಡ್ರ ಅದ ತಾಸಿಗೆ ಆಸ್ಪತ್ರಿ. ಸೋಂಕು ತಗುಲಿ ಎರಡರಿಂದ ಹತ್ತು ದಿನಕ್ಕ ಲಕ್ಷಣ ಬರ್ತಾವ, ಅದಕ್ಕ 14 ದಿನ ಬ್ಯಾರೆ ಇಡ್ರಿ ಅನ್ನೂದು. ಹಿಂದ ನಿಮ್ಮ ಮನಿಯಾಗ ಈ ರೋಗದಿಂದ ಮರಿ ಸತ್ತಿದ್ರ ವೈರಸ್ ಒಂದು ವರ್ಷದತನಕ ನೆಲದಾಗ ಉಳೀಬಹುದು. ಲೀಟರ್ ನೀರಿಗೆ 30 ಎಂಎಲ್ ಮನೀ ಬ್ಲೀಚ್ ಹಾಕಿ, ಮೊದಲ ಸೋಪಿನಿಂದ ತೊಳದ ಜಾಗಾದ ಮ್ಯಾಲೆ ಹತ್ತು ನಿಮಿಷ ಹಸಿಯಾಗೇ ಬಿಡ್ರಿ. ಕೊಳಿ ಮ್ಯಾಲೆ ಸುರದ್ರ ಬ್ಲೀಚ್ ಕೆಲಸ ಮಾಡಂಗಿಲ್ಲ. ಬೆಕ್ಕು ಒಳಗ ಬರೂದರಾಗ ನೆಲ ತೊಳದು ಒಣಗಿರಬೇಕು.

ಗಂಡು ಬೆಕ್ಕು ಟ್ರೇಯಾಗ ಮತ್ತ ಮತ್ತ ಕುಂತು, ಕೂಗಿ, ಹನಿ ಉಚ್ಚಿನೂ ಹೊಯ್ಯಲಿಲ್ಲಂದ್ರ ಮಲಬದ್ಧತೆ ಅಂತ ಮನಿಮದ್ದು ಮಾಡಬ್ಯಾಡ್ರಿ. ಮೂತ್ರನಾಳ ಕಟ್ಟೇದ, ಒಂದೆರಡು ದಿನದಾಗ ಸಾಯ್ತದ. ರಾತ್ರಿ ಆದ್ರೂ ಹೋಗ್ರಿ.

ಕಾಸರಗೋಡು_ಕಡೆ
ಮನೆಯಲ್ಲಿ ಗರ್ಭಿಣಿ ಇದ್ದರೆ ಬೆಕ್ಕು ತರಬಹುದಾ? ದೊಡ್ಡವರು ಬೇಡವೇ ಬೇಡ ಅನ್ನುತ್ತಾರೆ.

ಪಶುಸೇವೆ_ಧಾರವಾಡ
ಹೆದರೂದು ಟಾಕ್ಸೊಪ್ಲಾಸ್ಮಾಕ್ಕ, ಗರ್ಭದಾಗಿನ ಕೂಸಿಗೆ ತೊಂದರಿ ಮಾಡಬಹುದಾದ ಸೂಕ್ಷ್ಮ ಪರಾವಲಂಬಿ ಜೀವಿ ಅದು. ಬೆಕ್ಕಿನ ಮಲದಾಗಿನ ಅದರ ಮೊಟ್ಟಿ ಹೊರಗ ಬಿದ್ದು ಒಂದರಿಂದ ಐದು ದಿನ ಆದ ಮ್ಯಾಲೆ ಸೋಂಕು ಹಚ್ಚೋ ಶಕ್ತಿ ಪಡೀತದ. ದಿನಾ ಟ್ರೇ ಸ್ವಚ್ಛ ಮಾಡಿದ್ರ, ಅದನ್ನ ಗರ್ಭಿಣಿ ಬಿಟ್ಟು ಬ್ಯಾರೆಯವರು ಮಾಡಿದ್ರ, ಬೆಕ್ಕಿಗೆ ಹಸಿ ಮಾಂಸ ಹಾಕಲಿಲ್ಲಂದ್ರ ಅಪಾಯ ಭಾಳ ಸಣ್ಣದು. ತೊಳಿಲಾರದ ತರಕಾರಿ, ಅರ್ಧ ಬೆಂದ ಮಾಂಸದಿಂದನೂ ಅದು ಬರ್ತದ. ನಿಮ್ಮ ಡಾಕ್ಟರನ್ನ ಕೇಳಿ ರಕ್ತ ಪರೀಕ್ಷೆ ಮಾಡಸ್ರಿ.

ಮರಿಯ ಕಿವಿ ಅಂಚಿನಾಗ, ಮೂಗಿನ ಮ್ಯಾಲೆ ಕೂದಲು ಉದುರಿ ದುಂಡಗ ಕಾಣಿಸಿದ್ರ ಹುಳುಕಡ್ಡಿ. ಮನುಷ್ಯರಿಗೂ ಹತ್ತತದ, ವಾರಗಟ್ಟಲೆ ಔಷಧ ಬೇಕು, ಆದ್ರ ವಾಸಿ ಆಗೂದ. ಇನ್ನ ಬೆಕ್ಕು ಪರಚಿ ರಕ್ತ ಬಂದ್ರ ಹರಿಯೋ ನೀರಾಗ ಸೋಪು ಹಚ್ಚಿ 15 ನಿಮಿಷ ತೊಳದು, ರೇಬೀಸ್ ಲಸಿಕೆ ಬೇಕೇನು ಅಂತ ಅದ ದಿನ ಡಾಕ್ಟರನ್ನ ಕಾಣ್ರಿ. ಒಳಗ ಸಾಕಿದ್ದು ಅಂತ ಅಸಡ್ಡೆ ಬ್ಯಾಡ.

ಪುಚ್ಚೆ_ಬಜ್ಪೆ
ಮುಂದೆ ಯುರೋಪಿಗೋ ಬ್ರಿಟನ್ನಿಗೋ ಹೋಗುವ ಅಂದಾಜು ಇರುವವರು ಈಗಲೇ ಬೆಕ್ಕಿಗೆ ಮೈಕ್ರೊಚಿಪ್ (ಚರ್ಮದ ಕೆಳಗೆ ಇಡುವ ಗುರುತಿನ ಚಿಪ್) ಹಾಕಿಸಿ, 15 ಅಂಕಿಯದ್ದು. ಚಿಪ್ ಮೊದಲು, ರೇಬೀಸ್ ಲಸಿಕೆ ಆಮೇಲೆ. ಕ್ರಮ ತಪ್ಪಿದರೆ ಲಸಿಕೆ ಲೆಕ್ಕಕ್ಕಿಲ್ಲ. ಲಸಿಕೆಯಾಗಿ 30 ದಿನದ ನಂತರ ರಕ್ತ ತೆಗೆದು ಪ್ರತಿಕಾಯ ಎಂಎಲ್‌ಗೆ ಕನಿಷ್ಠ 0.5 ಐಯು ಉಂಟಾ ಅಂತ ಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ವೀಸಾ ಬಂದ ಮೇಲೆ ಶುರುಮಾಡಿದವರ ಬೆಕ್ಕುಗಳೇ ವಾಪಸ್ ಬರುವುದು.

ಯುಟಿಲಿಟಿ_ಕಟ್ಟೆ
ಎರಡು ವರ್ಷದ ಹೆಣ್ಣನ್ನೇ ತರುವುದೆಂದು ಆಯಿತು. ವೆಲ್ಡ್ ಮೆಶ್ ಕಟ್ಟಿಸಿ ಫೋಟೊ ಕಳಿಸಿದ್ದೇನೆ. ಶನಿವಾರ ಕರೆತರುವುದು. ಬೈಕಿನಲ್ಲಿ ಬಟ್ಟೆ ಚೀಲದಲ್ಲಿ ತರಬಹುದಾ?

ಸಜ್ಜೆ_ಮೇಲೆ
ಬೇಡವೇ ಬೇಡ. ಸಿಗ್ನಲ್ಲಿನಲ್ಲಿ ಒಂದು ಹಾರ್ನ್ ಹೊಡೆದರೆ ಜಿಪ್ ಹರಿದು ಹಾರುತ್ತದೆ, ಆ ರಸ್ತೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ, ಮೇಲಿನಿಂದಲೂ ತೆರೆಯುವ ಕ್ಯಾರಿಯರ್ ತನ್ನಿ ಅಥವಾ ಸಂಸ್ಥೆಯಲ್ಲೇ ಎರವಲು ಕೇಳಿ. ಆಟೊ ಇಲ್ಲವೇ ಕಾರು. ಬಾಗಿಲ ಚಿಲಕದ ಮೇಲೊಂದು ಕೇಬಲ್ ಟೈ ಬಿಗಿಯಿರಿ, ಇದೊಂದು ಕಡೆ ಅದು ಕೆಲಸಕ್ಕೆ ಬರುತ್ತದೆ. ಒಳಗೆ ಫಾಸ್ಟರ್ ಮನೆಯಲ್ಲಿ ಅದು ಮಲಗುತ್ತಿದ್ದ ಬಟ್ಟೆ, ತೊಳೆಯದೇ ಇದ್ದದ್ದು. ಮೇಲೆ ತೆಳು ಟವೆಲ್ ಹೊದಿಸಿ, ಗಾಳಿಗೆ ಒಂದು ಬದಿ ಬಿಡಿ. ಹೊರಡುವ ಮೂರು ಗಂಟೆ ಮುಂಚೆ ಊಟ ಬೇಡ ಅಂತ ಅವರಿಗೆ ಹೇಳಿಡಿ.

ಮನೆಗೆ ಬಂದಮೇಲೆ ಕೋಣೆಯ ಬಾಗಿಲು ಹಾಕಿ, ಕ್ಯಾರಿಯರ್ ಬಾಗಿಲು ತೆಗೆದು, ನೀವು ಹೊರಗೆ ಬನ್ನಿ. ಎಳೆದು ತೆಗೆಯಬೇಡಿ, ನೆಂಟರನ್ನು ಕರೆಯಬೇಡಿ. ಹಗಲೆಲ್ಲ ಪೆಟ್ಟಿಗೆಯೊಳಗೇ ಇದ್ದರೂ ಇರಲಿ. ಭಾನುವಾರ ಬೆಳಿಗ್ಗೆ ಟ್ರೇಯ ಮರಳು ಒಂದು ಕಡೆ ಉಂಡೆಗಟ್ಟಿದ್ದು ಕಂಡು, ಬಟ್ಟಲಲ್ಲಿ ನಾಲ್ಕು ಕಾಳು ಕಡಿಮೆಯಾಗಿದ್ದರೆ ಸಾಕು.